ಮೂರಕ್ಷರದ ಆಳು

ಕಾಗದದಲ್ಲಿ ಆಳಿನ ಹೆಸರಿಗೆ ಇದ್ದದ್ದು ಮೂರೇ ಅಕ್ಷರ: ಬ್, ಮ್, ಆ. ಅರಬಿ ಮಾತು, ಹೀಬ್ರೂ ಲಿಪಿ, ಹನ್ನೆರಡನೆಯ ಶತಮಾನ. ಏಡನ್ನಿನ ವರ್ತಕ ಮಂಗಳೂರಿನಲ್ಲಿದ್ದ ಯಹೂದಿ ಸಾಹುಕಾರ ಅಬ್ರಹಾಂ ಬೆನ್ ಯಿಜುವಿಗೆ ಬರೆದದ್ದು. ಬೆನ್ ಯಿಜು ಆಫ್ರಿಕದವ, ಟ್ಯುನೀಷಿಯಾದ ಮಹ್ದಿಯಾದಿಂದ ಹೊರಟವ. ಇಲ್ಲಿಂದ ಅಡಿಕೆ, ಮೆಣಸು ಕಳಿಸುತ್ತಿದ್ದ. ಕಂಚಿನ ಸಾಮಾನು ಮಾಡಿಸುತ್ತಿದ್ದ. ವ್ಯಾಪಾರದ ಮಾತೆಲ್ಲ ಮುಗಿದ ಮೇಲೆ ಅವನ ಆಳಿಗೂ ಹೆಸರು ಹಿಡಿದು ನಮಸ್ಕಾರ. ಆಳೆಂದರೆ ಬರೀ ಹೊರೆ ಹೊರುವವನಲ್ಲ, ಧಣಿಯ ಪರವಾಗಿ ಏಡನ್ನಿಗೂ ಹೋಗಿ ಬಂದವನು.

ಇಂಥ ಕಾಗದಗಳು ಕೈರೋದ ಯಹೂದಿ ಪ್ರಾರ್ಥನಾಮಂದಿರವೊಂದರ ಕೋಣೆಯಲ್ಲಿ ಏಳುನೂರಕ್ಕೂ ಹೆಚ್ಚು ವರ್ಷ ರಾಶಿಬಿದ್ದಿದ್ದವು. ದೇವರ ಹೆಸರಿದ್ದೀತೆಂದು ಯಾರೂ ಎಸೆದಿರಲಿಲ್ಲ. ಗೊಯಿಟೈನ್ ಎಂಬ ವಿದ್ವಾಂಸರು ಕೆಲವನ್ನು ಅನುವಾದಿಸಿ 1973ರಲ್ಲಿ ಪುಸ್ತಕವಾಗಿ ಅಚ್ಚುಹಾಕಿಸಿದರು. ಆ ಹೀಬ್ರೂ ಲಿಪಿಯಲ್ಲಿ ಹ್ರಸ್ವ ಸ್ವರ ಬರೆಯುವ ರೂಢಿಯಿಲ್ಲ. ಹೆಸರನ್ನು ಹೇಗೆ ಬೇಕಾದರೂ ಓದಬಹುದು. ಇತಿಹಾಸಕಾರ ಬಾಶಂ ಅವರನ್ನು ಕೇಳಿದರೆ, ‘ಬಾಮ’ ಎಂದರೆ ಬ್ರಹ್ಮ ಎಂಬುದರ ಆಡುರೂಪ ಎಂದರು. ಅಡಿಟಿಪ್ಪಣಿಯಾಯಿತು, ಅಲ್ಲಿಗೆ ಮುಗಿಯಿತು.

ಮುಗಿಯಲಿಲ್ಲ. 1978ರಲ್ಲಿ ಆ ಪುಸ್ತಕ ಆಕ್ಸ್‌ಫರ್ಡ್‌ನಲ್ಲಿ ಓದುತ್ತಿದ್ದ ಅಮಿತಾವ್ ಘೋಷ್ ಕಣ್ಣಿಗೆ ಬಿತ್ತು. ಅವರು ಈಜಿಪ್ಟಿನ ಹಳ್ಳಿಯಲ್ಲಿ ಕಲಿತ ಆಡು ಅರಬಿಯೇ ಮುಂದೆ ಈ ಕಾಗದಗಳನ್ನು ಬಿಡಿಸಲು ನೆರವಾಯಿತು. ಆದರೆ ಹೆಸರು ಮಾತ್ರ ಅರಬಿಯದಲ್ಲವಲ್ಲ! 1990ರಲ್ಲಿ ಮಂಗಳೂರಿಗೆ ಬಂದು ಬಿ.ಎ. ವಿವೇಕ ರೈಯವರನ್ನು ಕಂಡರು. ರೈಗಳು ಬಂಟ್ವಾಳ ತಾಲೂಕಿನ ಪುಣಚದವರು, ತುಳು ಹಾಡುಗತೆಗಳಾದ ಪಾಡ್ದನಗಳನ್ನು ಕೇಳಿ ಬಲ್ಲವರು, ತುಳು ಜಾನಪದ ಸಾಹಿತ್ಯದ ಮೇಲೆಯೇ ಡಾಕ್ಟರೇಟ್ ಮಾಡಿದವರು. ಅವರ ಕಿವಿಗೆ ಆ ಹೆಸರು ಬೊಮ್ಮ ಎಂದು ಕೇಳಿಸಿತು. ಅದರ ಹಿಂದೆ ತುಳುನಾಡಿನ ದೈವ ಬೆರ್ಮೆರ್ ಕಂಡರು.

ಬಂಟ್ವಾಳದಿಂದ ಬೆಳ್ತಂಗಡಿಗೋ ಮೂಡುಬಿದಿರೆಗೋ ಹೋಗುವ ದಾರಿಯಲ್ಲಿ ‘ಬ್ರಹ್ಮ ಬೈದರ್ಕಳ ಗರಡಿ’ ಎಂಬ ಬೋರ್ಡು ನೀವೂ ನೋಡಿರಬಹುದು. ಬೆರ್ಮೆರನ್ನು ಬ್ರಹ್ಮ ಎಂದು ಬರೆದು, ಬಾಶಂ ಮಾಡಿದ್ದನ್ನೇ ನಾವೂ ಮಾಡಿದ್ದೇವೆ ಅನ್ನಿ. ಒಳಗೆ ಇಣುಕಿ: ನಾಲ್ಕು ಮುಖವಿಲ್ಲ, ಹಂಸವಿಲ್ಲ. ಕುದುರೆ ಏರಿ ಕತ್ತಿ ಹಿಡಿದವರು ಬೆರ್ಮೆರ್, ಭೂತಗಳಿಗೆಲ್ಲ ಹಿರಿಯರು.

ರೈಗಳ ಓದು ಊಹೆಯೇ ಇರಬಹುದು. ನನಗಂತೂ ಇದೇ ಸರಿ ಕಾಣುತ್ತದೆ. 1992ರಲ್ಲಿ ಘೋಷರ ‘ಇನ್ ಆ್ಯನ್ ಆಂಟಿಕ್ ಲ್ಯಾಂಡ್’ ಹೊರಬಂತು. ಅದರಲ್ಲಿ ಆಳಿನ ಹೆಸರು ಬೊಮ್ಮ.