ಹಲ್ಲು ಎಣಿಸಿ ಹೌಸಿಂಗ್ ಕೊಳ್ಳಿ

ಕೋಯಿಕ್ಕೋಡ್‌ನಿಂದ ಬರುವ 766ನೇ ರಾಷ್ಟ್ರೀಯ ಹೆದ್ದಾರಿ ಬಂಡೀಪುರದ ಕಾಡು ದಾಟಿ, ನಂಜನಗೂಡು, ಮೈಸೂರು, ತಿರುಮಕೂಡಲು ನರಸೀಪುರಗಳನ್ನು ಹಾದು ಕೊಳ್ಳೇಗಾಲ ಮುಟ್ಟುತ್ತದೆ. ಡಾಂಬರು ಬಿಟ್ಟು ಪಕ್ಕಕ್ಕಿಳಿದರೆ ಗಾಡಿಯ ಪರೀಕ್ಷೆ ಶುರು. ನಂಜನಗೂಡು ತಾಲ್ಲೂಕಿನ ಹೆಡಿಯಾಲದ ಕಾಡಂಚು, ಕಬಿನಿ ನಾಲೆಯ ಏರಿ, ಮಳೆ ಬಿದ್ದ ಕಬ್ಬಿನ ಗದ್ದೆ, ನರಸೀಪುರ ತಾಲ್ಲೂಕಿನ ತಲಕಾಡಿನ ಮರಳು. ಇಂಥ ನೆಲಕ್ಕೆ ಹೇಳಿ ಮಾಡಿಸಿದ ಹಳೆಯ ಮಹೀಂದ್ರ ಜೀಪು, ಮಾರುತಿ ಜಿಪ್ಸಿಗಳ ತಯಾರಿಕೆ ನಿಂತುಹೋಗಿದೆ. ಹಾಗಾಗಿ ಹಿಂದಿನ ಅಚ್ಚಿನ ಹೊದಿಕೆಯಾದ ಹೌಸಿಂಗ್ ಕೈಕೊಟ್ಟಾಗ ಮಾಲೀಕನ ಕಣ್ಣು ಗುಜರಿಯಲ್ಲಿರುವ ಅದೇ ಜಾತಿಯ ಇನ್ನೊಂದು ಗಾಡಿಯತ್ತ ಹೋಗುವುದು ಸಹಜ.

ಒಂದರ ಅಚ್ಚು ಇನ್ನೊಂದಕ್ಕೆ ಕೂಡುತ್ತದೆಯೇ? ಕೂಡುತ್ತದೆ, ಕೆಲವೊಮ್ಮೆ ಸೊಗಸಾಗಿಯೇ. ಆದರೆ ಹೊರಗಿನ ಹೋಲಿಕೆ ಬಹಳ ಮೋಸದ್ದು. ಹಳೆಯ ಜೀಪಿನ ಚಕ್ರಕ್ಕೂ ಜಿಪ್ಸಿಯ ಚಕ್ರಕ್ಕೂ ಐದೈದು ಬೋಲ್ಟು, ಆ ಬೋಲ್ಟುಗಳ ವೃತ್ತದ ಅಳತೆಯೂ ಎರಡರಲ್ಲೂ 139.7 ಮಿಲಿಮೀಟರ್. ಅಷ್ಟಾದರೂ ಒಂದರ ಹೌಸಿಂಗ್ ಇನ್ನೊಂದರ ಅಡಿಗೆ ಹಾಗೇ ಹೋಗಿ ಕೂರುವುದಿಲ್ಲ.

ಎರಡು ಚಕ್ರಗಳ ನಡುವೆ ಕಾಣುವ ಉಕ್ಕಿನ ಕೊಳವೆಯೇ ಹೌಸಿಂಗ್. ಅದರಲ್ಲಿ ಉಬ್ಬಿದ ಗೋಳದೊಳಗೆ ಪಿನಿಯನ್ ಎಂಬ ಪುಟ್ಟ ಗಿಯರು ಕ್ರೌನ್ ಎಂಬ ದೊಡ್ಡ ಹಲ್ಲುಚಕ್ರವನ್ನು ತಿರುಗಿಸುತ್ತದೆ. ಮೈಸೂರಿಗೆ ಇದು ಹೊಸ ವಿದ್ಯೆಯಲ್ಲ. 1981ರಲ್ಲಿ ಸ್ಥಾಪನೆಯಾದ ಆಟೋಮೋಟಿವ್ ಆಕ್ಸಲ್ಸ್ ಕಂಪನಿ ಹೂಟಗಳ್ಳಿಯ ಕಾರ್ಖಾನೆಯಲ್ಲಿ ಲಾರಿಗಳ ಆಕ್ಸಲ್ ತಯಾರಿಸುತ್ತ ಬಂದಿದೆ.

ಇಡೀ ವ್ಯವಹಾರದ ಜೀವ ಇರುವುದು ಕ್ರೌನ್ ಮತ್ತು ಪಿನಿಯನ್‌ಗಳ ಹಲ್ಲಿನ ಲೆಕ್ಕದಲ್ಲಿ. ಎರಡನೇ ಮಹಾಯುದ್ಧದ ವಿಲ್ಲಿಸ್ ಜೀಪಿನಲ್ಲಿ ಕ್ರೌನ್‌ಗೆ 39 ಹಲ್ಲು, ಪಿನಿಯನ್‌ಗೆ 8. ಭಾಗಿಸಿದರೆ ಸುಮಾರು 4.88. ಯುದ್ಧ ಮುಗಿದ ಮೇಲೆ ರೈತರಿಗೆಂದು ಬಂದ ಸಿಜೆ ಜೀಪಿನಲ್ಲಿ 43ಕ್ಕೆ 8, ಅಂದರೆ ಸುಮಾರು 5.38. ಮಹೀಂದ್ರ ಕಂಪನಿ ಮುಂಬಯಿಯಲ್ಲಿ ಜೋಡಿಸಿ, ಆಮೇಲೆ ತಾನೇ ತಯಾರಿಸಿದ್ದು ಈ ವಿಲ್ಲಿಸ್ ವಂಶದ ಜೀಪುಗಳನ್ನೇ. ಅನುಪಾತ ದೊಡ್ಡದಾದರೆ ಎಳೆಯುವ ಶಕ್ತಿ ಹೆಚ್ಚು, ಓಟ ಕಡಿಮೆ. ಕೆಸರಿನಲ್ಲಿ ಟ್ರೈಲರ್ ಎಳೆಯುವವನಿಗೆ 5.38 ಹಿತ. ಹೆದ್ದಾರಿಯಲ್ಲೇ ಹೆಚ್ಚು ಓಡಾಡುವವನಿಗೆ 4.88 ಮೇಲು.

ದೊಡ್ಡ ಅನಾಹುತ ಆಗುವುದು ನಾಲ್ಕೂ ಚಕ್ರಗಳಿಗೆ ಶಕ್ತಿ ಹೋಗುವ ಫೋರ್‌ವೀಲ್ ಡ್ರೈವ್ ಗಾಡಿಯಲ್ಲಿ. ಹಿಂದಕ್ಕೆ 4.88ರ ಹೌಸಿಂಗ್ ಹಾಕಿ ಮುಂದೆ ಹಳೆಯ 5.38 ಉಳಿಸಿಕೊಂಡರೆ ಏನಾಗುತ್ತದೆ? ಹಿಂದಿನ ಚಕ್ರ ನೂರು ಮೀಟರ್ ಹೋಗುವಷ್ಟರಲ್ಲಿ ಮುಂದಿನ ಚಕ್ರ ತೊಂಬತ್ತೊಂದರ ಹತ್ತಿರ ಇರಲು ನೋಡುತ್ತದೆ. ಕೆಸರಿನಲ್ಲಿ ಟೈರು ಜಾರಿ ಈ ವ್ಯತ್ಯಾಸ ಸ್ವಲ್ಪ ಕರಗಬಹುದು. ಗಟ್ಟಿ ರಸ್ತೆಯಲ್ಲಿ ಜಾರಲು ಎಡೆಯೇ ಇಲ್ಲ. ಬಿಗಿತವೆಲ್ಲ ಶಕ್ತಿಯನ್ನು ಹಿಂದಕ್ಕೂ ಮುಂದಕ್ಕೂ ಹಂಚುವ ಟ್ರಾನ್ಸ್‌ಫರ್ ಕೇಸ್, ಜಾಯಿಂಟು, ಶಾಫ್ಟುಗಳ ಮೇಲೆ ಬಿದ್ದು ಯಾವುದಾದರೊಂದು ಮುರಿಯುತ್ತದೆ. ಆದ್ದರಿಂದ ಹೌಸಿಂಗನ್ನು ಜೋಡಿಯಾಗಿ ಬದಲಿಸಬೇಕು, ಇಲ್ಲವೇ ಹಲ್ಲಿನ ಲೆಕ್ಕ ಸರಿಹೊಂದಿಸಬೇಕು. ಎರಡನ್ನೂ ಬದಲಿಸಿದರೂ ಒಂದು ಎಚ್ಚರಿಕೆ ಉಳಿಯುತ್ತದೆ. ಈ ಜೀಪುಗಳಲ್ಲಿ ಸ್ಪೀಡೋಮೀಟರಿನ ಕೇಬಲ್ ಟ್ರಾನ್ಸ್‌ಫರ್ ಕೇಸಿನಿಂದ ಹೊರಡುವುದರಿಂದ, 5.38 ತೆಗೆದು 4.88 ಹಾಕಿದ ಗಾಡಿಯ ಮೀಟರು 54 ತೋರಿಸುವಾಗ ಗಾಡಿ 60ರಲ್ಲಿ ಓಡುತ್ತಿರುತ್ತದೆ.

ಜಿಪ್ಸಿಯ ಕಥೆ ಇದಕ್ಕಿಂತ ಸರಳ. 1985ರಲ್ಲಿ ಬಂದ ಮೊದಲ ಜಿಪ್ಸಿಯ ಚಕ್ರಗಳ ನಡುವಿನ ಅಂತರ ಕಿರಿದು. 1993ರಲ್ಲಿ ಮಾರುತಿ ಅದನ್ನು 90 ಮಿಲಿಮೀಟರ್ ಹಿಗ್ಗಿಸಿ ವೈಡ್‌ಟ್ರ್ಯಾಕ್ ಮಾದರಿ ತಂದಿತು. ಹಳೆಯ ಜಿಪ್ಸಿಗೆ ಹೊಸದರ ಅಗಲ ಅಚ್ಚು ಹಾಕಿಸಬೇಕೆಂಬ ಆಸೆ ಹುಟ್ಟಿದ್ದು ಅಲ್ಲಿಂದಲೇ. ಇಳಿಜಾರು ಏರಿಯ ಮೇಲೆ ಅಗಲ ಗಾಡಿ ಗಟ್ಟಿಯಾಗಿ ನಿಲ್ಲುತ್ತದೆ ಎಂಬುದು ಸುಳ್ಳಲ್ಲ.

ಹೊಸ ಗಾಡಿಗಳಲ್ಲಿ ಕೆಲಸ ಕಠಿಣ. ಬಿಡದಿಯಲ್ಲೇ ತಯಾರಾಗುವ ಟೊಯೊಟಾ ಫಾರ್ಚೂನರ್ ಮತ್ತು ಹೈಲಕ್ಸ್ ಪಿಕಪ್ ಒಂದೇ ತಳಹದಿಯ ಅಣ್ಣತಮ್ಮಂದಿರು. ಆದರೆ ಭಾರ ಹೊರಬೇಕಾದ ಹೈಲಕ್ಸ್‌ನ ಹಿಂದಿನ ಅಚ್ಚು ಕೂತಿರುವುದು ಕಮಾನುಪಟ್ಟಿಗಳ ಮೇಲೆ, ಜನರನ್ನು ಒಯ್ಯುವ ಫಾರ್ಚೂನರ್‌ನದು ಸುರುಳಿ ಸ್ಪ್ರಿಂಗುಗಳ ಮೇಲೆ. ಒಂದರದ್ದು ಇನ್ನೊಂದಕ್ಕೆ ಬೇಕೆಂದರೆ ಹೌಸಿಂಗಿನ ಮೇಲಿನ ಹಿಡಿಕೆಗಳನ್ನು ಕತ್ತರಿಸಿ ಹೊಸದನ್ನು ಬೆಸೆಯಬೇಕಾಗುತ್ತದೆ. ಮನೆಮಂದಿಯನ್ನು ಕೂರಿಸಿಕೊಂಡು ಓಡಿಸುವ ಗಾಡಿಯಲ್ಲಿ ಆ ಕೆಲಸಕ್ಕೆ ಕೈಹಾಕದಿರುವುದೇ ಒಳ್ಳೆಯದು.

ಕಾನೂನೂ ಸಡಿಲವಾಗಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ, ನೋಂದಣಿ ಪತ್ರದಲ್ಲಿರುವ ವಿವರ ತಯಾರಕರು ಕೊಟ್ಟ ಮೂಲ ವಿವರಕ್ಕಿಂತ ಬೇರೆಯಾಗುವಂತೆ ಗಾಡಿಯನ್ನು ಮಾರ್ಪಡಿಸುವಂತಿಲ್ಲ. ಅನುಮತಿಯಿಲ್ಲದ ಬದಲಾವಣೆಗೆ ಆರು ತಿಂಗಳವರೆಗೆ ಸೆರೆ, ಇಲ್ಲವೇ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಅಥವಾ ಎರಡೂ ಎಂದು 2019ರ ತಿದ್ದುಪಡಿ ಹೇಳುತ್ತದೆ. ಕೆಟ್ಟ ಹೌಸಿಂಗಿನ ಜಾಗಕ್ಕೆ ಅದೇ ಮಾದರಿಯದನ್ನು ಹಾಕುವುದು ರಿಪೇರಿ. ಬೇರೆ ಅಳತೆಯದನ್ನು ಹಾಕಿಸುವ ಮೊದಲು ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿಕೊಳ್ಳಬೇಕು.

ಗುಜರಿಯಲ್ಲಿ ಹೌಸಿಂಗ್ ಕೊಳ್ಳಲು ಹೋದವರು ಮಾರುವವನ ಮಾತಿಗಿಂತ ತಮ್ಮ ಕಣ್ಣನ್ನು ನಂಬಲಿ. ಒಂದು ಬದಿಯ ಚಕ್ರದ ಹಬ್ಬನ್ನು ಅಲುಗದಂತೆ ಹಿಡಿದು, ಇನ್ನೊಂದು ಬದಿಯದನ್ನು ಪೂರ್ತಿ ಎರಡು ಸುತ್ತು ತಿರುಗಿಸಿ, ಅಷ್ಟರಲ್ಲಿ ಪಿನಿಯನ್ ಎಷ್ಟು ಸುತ್ತು ತಿರುಗಿತೆಂದು ಎಣಿಸಿದರೆ ಅನುಪಾತ ಅಂದಾಜಾಗಿ ಸಿಗುತ್ತದೆ. ಖಚಿತವಾಗಬೇಕೆಂದರೆ ಗೋಳ ಬಿಚ್ಚಿಸಿ ಹಲ್ಲು ಎಣಿಸಿ, ಆಮೇಲೆ ದುಡ್ಡು ಕೊಡಿ.