ಶ್ವಾಸಕೋಶದಲ್ಲಿ ನೆಲೆಸುವ ಗರ್ಭಕೋಶದ ಗಂತಿ

ಹುಟ್ಟಿದ ಎಡೆಯನ್ನು ಬಿಟ್ಟು, ರಕ್ತದೊಡನೆ ಸಾಗಿ, ದೂರದ ಅಂಗದಲ್ಲಿ ಬೇರೂರುವುದು ಏಡಿಗಂತಿಯ ಗುರುತೆಂದು ನಾವು ತರಗತಿಗಳಲ್ಲಿ ಬೋಧಿಸುತ್ತೇವೆ. ನಿರಪಾಯದ ಗಂತಿಯು ಇದ್ದಲ್ಲಿಯೇ ಬೆಳೆಯುತ್ತದೆ. ಈ ವಿಂಗಡಣೆಗೆ ಸುಲಭವಾಗಿ ಒಳಪಡದ ವಿರಳ ವ್ಯಾಧಿಯೊಂದನ್ನು ಇಲ್ಲಿ ವಿವರಿಸಬಯಸುತ್ತೇವೆ.

ಗರ್ಭಕೋಶದ ಗೋಡೆಯಲ್ಲಿರುವ ಅನೈಚ್ಛಿಕ ಸ್ನಾಯುವಿನಿಂದ ಹುಟ್ಟುವ ಗಂತಿಗೆ ಲಿಯೋಮಯೋಮ ಎಂದು ಹೆಸರು. ಆಸ್ಪತ್ರೆಗಳಲ್ಲಿ ಫೈಬ್ರಾಯ್ಡ್ ಎಂಬ ಮಾತೇ ರೂಢಿ. ಇದು ಸ್ತ್ರೀಯರಲ್ಲಿ ಅತಿ ಸಾಮಾನ್ಯ, ಬಹುಮಟ್ಟಿಗೆ ನಿರುಪದ್ರವಿ. ಆದರೆ ಈ ಗಂತಿಯನ್ನಾಗಲಿ ಗರ್ಭಕೋಶವನ್ನೇ ಆಗಲಿ ತೆಗೆಸಿಕೊಂಡು ಎಷ್ಟೋ ವರ್ಷಗಳು ಕಳೆದ ಮೇಲೆ, ಬೇರಾವುದೋ ಕಾರಣಕ್ಕೆ ತೆಗೆದ ಎದೆಯ ಕ್ಷ-ಕಿರಣ ಚಿತ್ರದಲ್ಲಿ ದುಂಡನೆಯ ಗಂಟುಗಳು ಕಾಣಿಸಿಕೊಳ್ಳುವುದುಂಟು. ರೋಗಿಗೆ ಅನೇಕ ವೇಳೆ ಕೆಮ್ಮು ಸಹ ಇರುವುದಿಲ್ಲ. ಚಿತ್ರ ನೋಡಿದವರಿಗೆ ಮೊದಲು ಹೊಳೆಯುವುದು ಹರಡಿದ ಏಡಿಗಂತಿಯೇ. ಗಂಟಿನ ಚೂರನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿದರೆ ಕದಿರಿನಾಕಾರದ ಶಾಂತವಾದ ಸ್ನಾಯುಕಣಗಳು ಕಾಣುತ್ತವೆ. ವಿಭಜನೆ ತೀರ ವಿರಳ, ಸತ್ತ ಭಾಗವಿಲ್ಲ.

ಅಮೆರಿಕದ ರೋಗಶಾಸ್ತ್ರಜ್ಞ ಪಾಲ್ ಸ್ಟೈನರ್ 1939ರಲ್ಲಿ ಇದನ್ನು ವಿವರವಾಗಿ ವರ್ಣಿಸಿದನು. ಅಂದಿನಿಂದ ವಾದ ನಿಲ್ಲಲಿಲ್ಲ. ಇವು ಶ್ವಾಸಕೋಶದ ಸ್ನಾಯುವಿನಲ್ಲಿಯೇ ಹುಟ್ಟಿದವೆಂದು ಕೆಲವರು ಹೇಳಿದರು. ಗರ್ಭಕೋಶದಲ್ಲಿದ್ದುದು ಮೆಲ್ಲಗೆ ಬೆಳೆಯುವ ಮಾರಕ ಗಂತಿಯೇ ಎಂದು ಮತ್ತೆ ಕೆಲವರು ಶಂಕಿಸಿದರು.

ಇದಕ್ಕೆ ಬೆಳಕು ದೊರೆತದ್ದು ಅನಿರೀಕ್ಷಿತವಾದ ದಿಕ್ಕಿನಿಂದ. ಸ್ತ್ರೀಯ ಪ್ರತಿ ಜೀವಕಣದಲ್ಲಿಯೂ ಎರಡು ಎಕ್ಸ್ ವರ್ಣತಂತುಗಳಿದ್ದು, ಭ್ರೂಣಾವಸ್ಥೆಯಲ್ಲಿಯೇ ಅವುಗಳಲ್ಲಿ ಒಂದು ಮೌನವಾಗುತ್ತದೆಂದು ಮೇರಿ ಲಯನ್ 1961ರಲ್ಲಿ ಪ್ರತಿಪಾದಿಸಿದರು. ತಂದೆಯಿಂದ ಬಂದುದೋ ತಾಯಿಯಿಂದ ಬಂದುದೋ, ಯಾವುದು ಮೌನವಾಗುವುದೆಂಬುದು ಆಕಸ್ಮಿಕ. ಆದರೆ ಒಮ್ಮೆ ಮೌನವಾದುದು ಆ ಕಣದ ಸಂತತಿಯಲ್ಲೆಲ್ಲ ಹಾಗೆಯೇ ಉಳಿಯುತ್ತದೆ. ಗಂಟುಗಳು ಬೇರೆ ಬೇರೆಯಾಗಿ ಹುಟ್ಟಿದ್ದರೆ ಕೆಲವುದರಲ್ಲಿ ಒಂದು, ಕೆಲವುದರಲ್ಲಿ ಇನ್ನೊಂದು ಮೌನವಾಗಿರಬೇಕಷ್ಟೆ. 2000ದಿಂದೀಚೆಗೆ ಪ್ರಕಟವಾದ ಪರೀಕ್ಷೆಗಳಲ್ಲಿ ಒಬ್ಬಳೇ ರೋಗಿಯ ಹಲವು ಗಂಟುಗಳಲ್ಲಿ ಒಂದೇ ವರ್ಣತಂತು ಮೌನವಾಗಿದ್ದುದು ಕಂಡುಬಂದಿತು. ಒಂದು ಗಂಟಿನ ಸಾಕ್ಷ್ಯ ಕಾಕತಾಳೀಯವಾಗಬಹುದು. ಅನೇಕ ಗಂಟುಗಳದು ಹಾಗಾಗುವುದು ಕಷ್ಟ. ಮೂಲ ಒಂದೇ ಎಂಬ ಪಕ್ಷವೇ ನಮಗೂ ಬಲವಾಗಿ ತೋರುತ್ತದೆ.

ತವರಿನ ಗುಣವನ್ನೂ ಈ ಗಂಟುಗಳು ಮರೆತಿಲ್ಲ. ಈಸ್ಟ್ರೋಜೆನ್, ಪ್ರೊಜೆಸ್ಟೆರೋನ್ ಹಾರ್ಮೋನುಗಳ ಗ್ರಾಹಕಗಳು ಇವುಗಳಲ್ಲಿವೆ. ಮುಟ್ಟು ನಿಂತ ಮೇಲೆ, ಅಥವಾ ಅಂಡಾಶಯಗಳನ್ನು ತೆಗೆದ ಮೇಲೆ, ಅನೇಕರಲ್ಲಿ ಇವು ಕುಗ್ಗುತ್ತವೆ. ಗರ್ಭಧಾರಣೆಯಲ್ಲಿ ಕುಗ್ಗಿದ ನಿದರ್ಶನವೊಂದು 1977ರಲ್ಲಿ ವರದಿಯಾಯಿತು. ಹಾರ್ಮೋನುಗಳು ಏರುವ ಕಾಲದಲ್ಲಿ ಹೀಗಾದುದು ವಿಚಿತ್ರವೇ ಸರಿ. ಆದುದರಿಂದ ತೊಂದರೆಯಿಲ್ಲದವರನ್ನು ಕಾದು ನೋಡುವುದೂ, ಉಳಿದವರಿಗೆ ಅಂಡಾಶಯದ ಕಾರ್ಯವನ್ನು ತಡೆಯುವ ಔಷಧವನ್ನೋ ಶಸ್ತ್ರಕ್ರಿಯೆಯನ್ನೋ ಆರಿಸುವುದೂ ಕ್ರಮ. ಗಂಟುಗಳು ಬೆಳೆದು ಉಸಿರಾಟಕ್ಕೆ ಅಡ್ಡಿಯಾಗುವುದುಂಟಾಗಿ, ನಿರಪಾಯವೆಂಬ ವಿಶೇಷಣವನ್ನು ಎಚ್ಚರದಿಂದ ಬಳಸಬೇಕು.

ಎಲ್ಲಕ್ಕಿಂತ ಮೊದಲು ಆಗಬೇಕಾದುದೆಂದರೆ, ಹಿಂದೆ ತೆಗೆದ ಗರ್ಭಕೋಶದ ಗಾಜಿನ ಪಟ್ಟಿಕೆಗಳು ಉಳಿದಿದ್ದರೆ ಅವನ್ನು ತರಿಸಿ ಮತ್ತೆ ಪರೀಕ್ಷಿಸುವುದು. ಅಂದು ಕಣ್ತಪ್ಪಿದ ಮಾರಕ ಗಂತಿಯೊಂದು ಅಲ್ಲಿದ್ದರೆ ಚಿಕಿತ್ಸೆಯ ದಾರಿಯೇ ಬೇರೆ.