ತುಂಗಭದ್ರೆಯ ನೀರು ಹಂಚೋರು ಯಾರು?

ಅಕ್ಕಂದಿರೇ, ಅಣ್ಣ ತಮ್ಮಂದಿರು ಹೊಲ ಪಾಲು ಮಾಡಿಕೊಳ್ತಾರೆ. ಬಾವಿ ಮಾತ್ರ ಒಂದೇ. ಯಾರಿಗೆ ಯಾವ ದಿನ ನೀರು ಅಂತ ಮಾತಾಗ್ತದೆ. ಮಾತಾದರೆ ಸಾಕೇ? ಅದು ನಡೀತದೋ ಇಲ್ಲವೋ ನೋಡೋರು ಬೇಕು.

ಹೊಸಪೇಟೆ ಹತ್ತಿರದ ತುಂಗಭದ್ರಾ ಅಣೆಕಟ್ಟೂ ಹೀಗೇ. 1944ರಲ್ಲಿ ಹೈದರಾಬಾದ್ ಮತ್ತು ಮದರಾಸು ಸರ್ಕಾರಗಳು ಒಪ್ಪಂದ ಮಾಡಿಕೊಂಡವು. ಆಮೇಲೆ ಕಟ್ಟೆ ಕಟ್ಟಿದರು. 1953ರಲ್ಲಿ ರಾಜ್ಯಗಳ ಗಡಿ ಬದಲಾಯಿತು. ಆಗ ತುಂಗಭದ್ರಾ ಮಂಡಳಿ ಬಂತು. ಈಗ ಅದರಲ್ಲಿ ಕರ್ನಾಟಕ, ಆಂಧ್ರ, ತೆಲಂಗಾಣ, ಕೇಂದ್ರ ಸರ್ಕಾರ, ನಾಲ್ಕೂ ಕಡೆಯವರು ಇದ್ದಾರೆ.

ಈ ವರ್ಷ ಎಷ್ಟು ನೀರು ಬರಬಹುದು ಅಂತ ಮಂಡಳಿ ಅಂದಾಜು ಮಾಡ್ತದೆ. ಅದರ ಮೇಲೆ ಪಾಲು ಹಾಕ್ತದೆ. ನೀರು ಕಡಿಮೆ ಬಂದರೆ ಎಲ್ಲರ ಪಾಲೂ ಕಡಿಮೆ.

ಗೇಟು ನೋಡಿಕೊಳ್ಳೋದೂ ಮಂಡಳಿಯ ಕೆಲಸವೇ. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಚೈನು ತುಂಡಾಯಿತು. ಗೇಟು ಕೊಚ್ಚಿ ಹೋಯಿತು. ಸುಮಾರು ಒಂದು ವಾರ ನೀರು ನದಿಗೆ ಹರಿದು ಹೋಯಿತು. ಒಂದು ಚೈನು ನೋಡಿ, ಮೂರು ರಾಜ್ಯದ ರೈತರಿಗೆ ನಿದ್ದೆ ಇಲ್ಲ!

ಮಂಡಳಿ ಪಾಲು ಕೊಡೋದು ರಾಜ್ಯಕ್ಕೆ. ನಮ್ಮ ಪಾಲಿನಲ್ಲಿ ಯಾವ ಕಾಲುವೆಗೆ ಯಾವಾಗ ನೀರು ಅನ್ನೋದನ್ನು ನೀರಾವರಿ ಸಲಹಾ ಸಮಿತಿ ತೀರ್ಮಾನಿಸ್ತದೆ. ಆ ತಾರೀಖು ಪೇಪರಿನಲ್ಲಿ ಬರ್ತದೆ. ಓದಿ ಗುರುತು ಹಾಕಿಕೊಳ್ಳಿ. ತಾರೀಖು ದಾಟಿದರೂ ನಿಮ್ಮ ಹೊಲಕ್ಕೆ ನೀರು ಬರಲಿಲ್ಲವೇ? ನೀರಾವರಿ ಕಚೇರಿಗೆ ನೀವೇ ಅರ್ಜಿ ಬರೆಯಿರಿ.